ಒಣಗಿದ್ದಕ್ಕೆ ಮುಸುರೆ ಇಲ್ಲ

ಮುಸುರೆ ಅಂದರೆ ನಮ್ಮ ಮನೆಯಲ್ಲಿ ಒಂದು ಬಕೆಟ್ಟು. ಅಕ್ಕಿ ತೊಳೆದ ನೀರು, ಗಂಜಿ, ತಟ್ಟೆಯಲ್ಲಿ ಮಿಕ್ಕಿದ್ದು ಎಲ್ಲ ಅದಕ್ಕೆ ಬೀಳುತ್ತಿತ್ತು, ಸಂಜೆ ಹಸುವಿನ ಮುಂದೆ ಹೋಗುತ್ತಿತ್ತು. ಅಲ್ಲಾಳಸಂದ್ರದಲ್ಲಿ ನಮ್ಮ ಸುತ್ತ ಅಪಾರ್ಟ್‌ಮೆಂಟುಗಳು ಎದ್ದ ಮೇಲೂ ಅಮ್ಮ ಒಂದು ಹಸುವನ್ನು ಬಿಟ್ಟುಕೊಟ್ಟಿರಲಿಲ್ಲ. ಮುಸುರೆ ಎಂಬ ಮಾತಿಗೆ ಇನ್ನೊಂದು ಅರ್ಥವಿದೆ ಎಂದು ತಿಳಿಯಲು ನಾನು ಎಂ.ಎಸ್ಸಿ. ಮುಗಿಸಿ, ಹೆಬ್ಬಾಳದ ಆಚೆಯ ಒಂದು ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಬೇಕಾಯಿತು.

ಅಲ್ಲಿ ನನಗಿಂತ ಮೊದಲೇ ಪಿಎಚ್.ಡಿ.ಗೆ ಸೇರಿದ್ದವಳೊಬ್ಬಳಿದ್ದಳು. ಮನೆ ಸಹಕಾರನಗರ. ನಮ್ಮಿಬ್ಬರ ಪ್ರೊಫೆಸರಿಗೆ ಯಾರ ಹೆಸರೂ ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. "ಎಲ್ಲಿ ಸಹಕಾರನಗರ? ಏನ್ ಅಲ್ಲಾಳಸಂದ್ರ, ಬಸ್ ಸಿಗ್ಲಿಲ್ವಾ?" ಎಂದು ಬಡಾವಣೆ ಹಿಡಿದೇ ಕರೆಯುತ್ತಿದ್ದರು. ಅವಳು ನಿಧಾನಸ್ಥೆ, ಒಂದು ಮಾತಾಡಲು ಎರಡು ಸಲ ಯೋಚಿಸುವವಳು. ನಾನು ಬಾಯಿಬಡುಕಿ, ಕೋಪ ಮೂಗಿನ ತುದಿಯಲ್ಲೇ. ಹೇಗೋ ಹೊಂದಿಕೊಂಡಿತು. ಆ ದಿನಗಳನ್ನು ನೆನೆದರೆ ಈಗಲೂ ನನಗೆ ಖುಷಿಯೇ ಆಗುತ್ತದೆ.

ನಮ್ಮ ಕೆಲಸ ಜೇನಿನ ಮೇಲೆ. ರಾಣಿಜೇನೂ ಕೆಲಸಗಾರ್ತಿ ಜೇನೂ ಹುಟ್ಟುವುದು ಒಂದೇ ಬಗೆಯ ಮೊಟ್ಟೆಯಿಂದ. ತಿನ್ನಿಸಿದ ಆಹಾರ ಬೇರೆ, ಬಾಳೂ ಬೇರೆ. ಡಿಎನ್‌ಎ ಅಕ್ಷರಗಳು ಅವೇ ಆದರೂ ಸಿ ಎಂಬ ಅಕ್ಷರದ ಮೇಲೆ ಅಲ್ಲಲ್ಲಿ ಒಂದು ಪುಟ್ಟ ರಾಸಾಯನಿಕ ಗುರುತು ಕೂತಿರುತ್ತದೆ. ನಾವು ಅದನ್ನು ಟೋಪಿ ಎನ್ನುತ್ತಿದ್ದೆವು. ಯಾರ ಸಿ ಮೇಲೆ ಎಲ್ಲಿ ಟೋಪಿ ಇದೆ ಎಂದು ಹುಡುಕುವುದೇ ಅವಳ ಪಿಎಚ್.ಡಿ. ಅದಕ್ಕೆ ಬೈಸಲ್ಫೈಟ್ ಎಂಬ ಉಪ್ಪಿನ ದ್ರಾವಣದಲ್ಲಿ ಡಿಎನ್‌ಎಯನ್ನು ಬೇಯಿಸುತ್ತೇವೆ. ಟೋಪಿ ಇಲ್ಲದ ಸಿ ರೂಪ ಬದಲಿಸಿ ಕೊನೆಗೆ ಟಿ ಎಂದು ಓದಿಸಿಕೊಳ್ಳುತ್ತದೆ, ಟೋಪಿ ಇದ್ದದ್ದು ಸಿ ಆಗಿಯೇ ಉಳಿಯುತ್ತದೆ. ಆಮೇಲೆ ಒಂದೊಂದು ತುಣುಕಿಗೂ ನಾವೇ ತಯಾರಿಸಿದ ಬಾಲ ಅಂಟಿಸಿ, ಲಕ್ಷಾಂತರ ನಕಲು ತೆಗೆದು, ಓದುವ ಯಂತ್ರಕ್ಕೆ ಕಳಿಸುವುದು. ಈ ನಕಲಿನ ರಾಶಿಗೆ ಲೈಬ್ರರಿ ಎಂದು ಹೆಸರು.

ಆ ಉಪ್ಪು ಬಲು ಕ್ರೂರಿ. ಹಾಕಿದ ಡಿಎನ್‌ಎಯಲ್ಲಿ ಮುಕ್ಕಾಲು ಪಾಲನ್ನು ಚಿಂದಿ ಮಾಡಿಬಿಡುತ್ತದೆ. ಉಳಿದ ಚೂರುಪಾರನ್ನೇ ನಕಲು ಮಾಡಬೇಕಾದ್ದರಿಂದ ಎಲ್ಲಿಂದಲೋ ಹಾರಿ ಬಂದ ಒಂದು ಬೇರೆ ತುಣುಕೂ ಅಷ್ಟೇ ಚೆನ್ನಾಗಿ ನಕಲಾಗಿ ಕೂರುತ್ತದೆ. ಹಾಗಾಗಿ ಪ್ರತಿ ಸಲ ಒಂದು ನಳಿಕೆಗೆ ಬರೀ ನೀರು ಹಾಕಿ, ಅದಕ್ಕೂ ಅದೇ ಉಪ್ಪು, ಅದೇ ಬಾಲ, ಅದೇ ಉಪಚಾರ. ಕೊನೆಗೆ ಡಿಎನ್‌ಎ ಇದ್ದ ಕಡೆ ಬೆಳ್ಳಗೆ ಪಟ್ಟಿ ಹೊಳೆಯುವ ಜೆಲ್ ಎಂಬ ಲೋಳೆಹಲಗೆಯ ಮೇಲೆ ಓಡಿಸಿದಾಗ ನೀರಿನ ಸಾಲು ಕಪ್ಪಗೆ ಖಾಲಿ ಇರಬೇಕು. ಇದನ್ನು ಅಮ್ಮನಿಗೆ ವಿವರಿಸಿದ್ದೆ. "ಅಂಗಂದ್ರೆ ಏನೂ ಬರ್ಬಾರ್ದು ಅಂತ ಕಾಯ್ಕೊಂಡ್ ಕುಂತಿರ್ತೀರಾ? ಅದ್ಕೆ ಸಂಬ್ಳ ಬೇರೆ ಕೊಡ್ತಾರಾ?" ಎಂದು ಅವಳು ಹಸುವಿನ ಕಡೆ ತಿರುಗಿ ನಕ್ಕಿದ್ದಳು.

ಲೈಬ್ರರಿ ಆದ ಮೇಲಿನ ನಕಲುಗಳು ಹಿಂದಕ್ಕೆ ಬಂದು ಹೊಸ ನಳಿಕೆಗೆ ಸೇರಬಾರದೆಂದು ನಮ್ಮಲ್ಲಿ ಎರಡು ಕೋಣೆಗಳಿದ್ದವು. ಒಂದು ಶುದ್ಧದ್ದು, ಇನ್ನೊಂದು ಜೆಲ್ ಓಡಿಸುವುದು. ಎರಡನೆಯದಕ್ಕೆ "ಮುಸುರೆ ಕೋಣೆ" ಎಂದು ಹೆಸರಿಟ್ಟವಳು ಸಹಕಾರನಗರ. "ಇಲ್ಲಿ ಹಸು ಎಲ್ಲಿ ಕಟ್ಟಿದೀಯೇ?" ಎಂದು ಕೇಳಿದ್ದಕ್ಕೆ ಅವಳ ಮನೆಯ ಕ್ರಮ ಹೇಳಿದಳು. ಅನ್ನ, ಸಾರು ಮುಟ್ಟಿದ ಕೈ ಮುಸುರೆ. ಅದೇ ಕೈಯಲ್ಲಿ ಮೊಸರು, ತುಪ್ಪ, ಉಪ್ಪಿನಕಾಯಿ ಭರಣಿ ಮುಟ್ಟುವಂತಿಲ್ಲ, ನಡುವೆ ನೀರು ಮುಟ್ಟಬೇಕು. ಕೇಳಿ ನನಗೆ ನಗು ಬಂತು, ಆದರೆ ಒಪ್ಪಿಗೆಯೂ ಆಯಿತು, ಯಾಕೆಂದರೆ ನಮ್ಮ ಎರಡು ಕೋಣೆಗಳ ನಿಯಮ ಅದೇ ತಾನೇ. ಜೆಲ್ ಕೋಣೆಯ ಬಾಟಲಿ, ಪಿಪೆಟ್, ಐಸ್ ಡಬ್ಬಿ ಎಲ್ಲಕ್ಕೂ ಅವಳು "ಮು" ಎಂದು ಬರೆದ ಟೇಪು ಅಂಟಿಸಿದಳು. ಮು ಇದ್ದದ್ದು ಹೊಸ್ತಿಲು ದಾಟುವಂತಿಲ್ಲ.

ಅವಳಿಗೆ ಒಂದು ಅಪರೂಪದ ಫಲಿತಾಂಶ ಬಂದಿತ್ತು. ರಾಣಿಯ ಎಳೆಯ ಮರಿಹುಳುವಿನಲ್ಲೂ ಒಂದು ಜೀನಿನ ಮೇಲೆ ಕೆಲಸಗಾರ್ತಿಗಿರುವ ಟೋಪಿಗಳೇ ಇದ್ದವು. ಅಂದರೆ ರಾಣಿಯೂ ಮೊದಲು ಆಳಾಗಿಯೇ ಹೊರಟು, ಆಮೇಲೆ ಟೋಪಿ ತೆಗೆದು ರಾಣಿಯಾದಳು ಎಂದ ಹಾಗೆ. ಸರ್ ಹಿಗ್ಗಿ ಹೀರೇಕಾಯಿಯಾದರು. ಅದೇ ಅವಳ ಕೊನೆಯ ಅಧ್ಯಾಯ, ಅವಳ ಫೆಲೋಶಿಪ್ಪೂ ಮುಗಿಯುತ್ತಾ ಬಂದಿತ್ತು. ಇನ್ನೊಂದು ಸಲ ಮಾಡಿ ಅದೇ ಬಂದರೆ ಸಾಕು, ಬರೆದು ಮುಗಿಸುವುದು. ರಾಣಿ ಮರಿಹುಳುಗಳ ಡಿಎನ್‌ಎ ಕೆಲವೇ ನಳಿಕೆಗಳಲ್ಲಿತ್ತು. ಮತ್ತೆ ತೆಗೆಯೋಣವೆಂದರೆ ಆವರಣದಲ್ಲಿದ್ದ ತುಡುವೆ ಜೇನಿನ ಕುಟುಂಬ ಇರುವೆ ಕಾಟಕ್ಕೆ ಪೆಟ್ಟಿಗೆ ಬಿಟ್ಟು ಹಾರಿಹೋಗಿತ್ತು.

ಎರಡನೆಯ ಸಲ ಮಾಡಿದೆವು. ನೀರಿನ ಸಾಲಿನಲ್ಲಿ ಬೆಳ್ಳಗೆ ಒಂದು ಪಟ್ಟಿ ಹೊಳೆಯಿತು.

ನೀರು ಬದಲಾಯಿಸಿದೆವು. ಪಟ್ಟಿ ಬಂತು. ಹೊಸ ಟಿಪ್ಸ್, ಹೊಸ ನಳಿಕೆ. ಬಂತು. ಕಿಣ್ವದ ಹೊಸ ಸೀಸೆ ತರಿಸಿದೆವು. ಆಗಲೂ ಬಂತು! ಸರಬರಾಜು ಮಾಡುವವನಿಗೆ ಫೋನ್ ಮಾಡಿ ನಾನು ಬಾಯಿಗೆ ಬಂದಂತೆ ಬೈದೆ. ಅವನು ಪಾಪ, "ಮೇಡಂ, ಬೇರೆ ಯಾರೂ ಕಂಪ್ಲೇಂಟ್ ಮಾಡಿಲ್ಲ ಕಣ್ರೀ" ಎಂದ. ಈ ಗಲಾಟೆಯಲ್ಲಿ ರಾಣಿಯ ನಳಿಕೆಗಳು ಒಂದೊಂದಾಗಿ ಮುಗಿದು, ಉಳಿದದ್ದು ಒಂದೇ ಒಂದು.

ಕೊನೆಗೆ ಸಹಕಾರನಗರ ಹೇಳಿದಳು: "ಬೈಯೋದು ಬಿಡೇ. ಅದು ಯಾರು ಅಂತ ಅದನ್ನೇ ಕೇಳೋಣ." ಜೆಲ್ಲಿನಿಂದ ಆ ಪಟ್ಟಿಯನ್ನೇ ಕತ್ತರಿಸಿ ಅಕ್ಷರ ಓದಲು ಕಳಿಸಿದೆವು. ಓದು ಬಂದ ಬೆಳಿಗ್ಗೆ ಇಬ್ಬರೂ ಒಂದೇ ಕಂಪ್ಯೂಟರಿನ ಮುಂದೆ ಕೂತೆವು. ಉಪ್ಪಿನ ಉಪಚಾರ ಮುಗಿದ ಮೇಲೆ ನಮ್ಮ ಬೆವರೋ ಬ್ಯಾಕ್ಟೀರಿಯಾವೋ ಬಿದ್ದಿದ್ದರೆ ಸಿ ಅಕ್ಷರಗಳು ಎಲ್ಲೆಡೆ ಇಡಿಯಾಗಿ ಇರಬೇಕಿತ್ತು. ಇಲ್ಲಿ ಸಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ, ಎಲ್ಲ ಟಿ. ಅಂದರೆ ಇದು ಉಪ್ಪು ಕಂಡು ಬಂದ ಜೀವ. ತುಣುಕುಗಳೆಲ್ಲ ಜೇನಿನವು. ಒಂದು ತುಣುಕಂತೂ ಅವಳು ಬಾಯಿಪಾಠ ಮಾಡಿಕೊಂಡಿದ್ದ ಅದೇ ಜೀನಿನದು, ಅದೇ ಜಾಗದಲ್ಲಿ ಅವೇ ಟೋಪಿಗಳು.

"ನಮ್ದೇ ಹಳೇ ಲೈಬ್ರರಿ ಕಣೇ. ಕೆಲಸಗಾರ್ತಿದು," ಎಂದಳು. ಟೋಪಿಗಳ ಮೇಲೆ ಬೆರಳಿಟ್ಟು, "ನೀರಿಗೂ ರಾಣಿ ಟೋಪಿನೇ ಇದೆ, ನೋಡು," ಎಂದಳು.

ನೀರಿಗೆ ಬಂದದ್ದು ರಾಣಿಯ ನಳಿಕೆಗೂ ಬಂದಿರಬಹುದಲ್ಲ! ಅವಳ ಅಷ್ಟು ಚಂದದ ಫಲಿತಾಂಶ ರಾಣಿಯದೇ ಅಲ್ಲದಿದ್ದರೆ? ನಮಗೇ ಯಾರೋ ಟೋಪಿ ಹಾಕಿದಂತಾಯಿತು.

ಮುಸುರೆ ಹೊಸ್ತಿಲು ದಾಟಿದೆ, ಸರಿ. ಯಾವುದರ ಮೇಲೆ ಕೂತು ದಾಟಿತು? ಮು ಟೇಪಿನ ಒಂದೊಂದು ಸಾಮಾನನ್ನೂ ಎಣಿಸಿ ನೋಡಿದೆವು, ಎಲ್ಲವೂ ಅದರದರ ಜಾಗದಲ್ಲೇ ಇತ್ತು. ನಾನು ಅವಳ ಮೇಲೆ ರೇಗಿದೆ, ಅವಳು ನನ್ನ ಮೇಲೆ ಮುನಿಸಿಕೊಂಡಳು. ಎರಡು ದಿನ ಬೇರೆ ಬೇರೆ ಊಟ ಮಾಡಿದೆವು. ಮೂರನೆಯ ದಿನ ಅವಳೇ ಬಂದು, "ಅವಲಕ್ಕಿ ಹುರ್ಕೊಂಡ್ ಬಂದಿದೀನಿ, ಬರ್ತೀಯೋ ಇಲ್ವೋ?" ಎಂದಳು. ಕಡಲೆಬೀಜ ಹಾಕಿದ ಅವಲಕ್ಕಿ ಅಂದ ಮೇಲೆ ಎಂಥ ಮುನಿಸು!

ಹೊರಗೆ ಹೊಂಗೆ ಮರದ ಕೆಳಗಿನ ಕಟ್ಟೆಯ ಮೇಲೆ ಕೂತೆವು. ಜೆಲ್ ಓಡುತ್ತಿತ್ತು. ಅವಳು ಅವಲಕ್ಕಿ ಮುಕ್ಕುತ್ತಾ ಅದೇ ಕೈಯಲ್ಲಿ ನನ್ನ ಮೊಸರಿನ ಡಬ್ಬಿ ತೆಗೆದಳು. ಸಿಕ್ಕಿಬಿದ್ದಳು ಎಂದು ನನಗೆ ಖುಷಿಯೋ ಖುಷಿ.

"ಏನಮ್ಮಾ, ನೀರು ಮುಟ್ಟಲಿಲ್ಲ? ಎಲ್ಲಿ ಹೋಯ್ತು ನಿಮ್ಮನೆ ಮುಸುರೆ?"

"ಹುರಿದ ಅವಲಕ್ಕಿ ಕಣೇ. ಒಣಗಿದ್ದಕ್ಕೆ ಮುಸುರೆ ಇಲ್ಲ," ಎಂದಳು ಅಸಡ್ಡೆಯಿಂದ.

ಆ ಹೊತ್ತಿಗೆ ಸರಿಯಾಗಿ ಟೈಮರ್ ಕೂಗಿತು. ಅಡುಗೆಮನೆಯಲ್ಲಿ ಇಟ್ಟುಕೊಳ್ಳುವಂಥದ್ದು, ಅಂಗೈಯಗಲದ್ದು. ಜೆಲ್ ಆಯಿತೆಂದು ಕೂಗುವುದೂ ಅದೇ, ಶುದ್ಧ ಕೋಣೆಯಲ್ಲಿ ಉಪ್ಪು ತೊಳೆಯುವ ಹೊತ್ತು ಹೇಳುವುದೂ ಅದೇ. ದಾರ ಕಟ್ಟಿ ಅವಳ ಕೊರಳಲ್ಲೋ ನನ್ನ ಕೊರಳಲ್ಲೋ ನೇತಾಡುತ್ತಿತ್ತು. ಅವಳು ಅವಲಕ್ಕಿಯ ಬೆರಳಿನಿಂದಲೇ ಗುಂಡಿ ಒತ್ತಿ ಅದರ ಬಾಯಿ ಮುಚ್ಚಿಸಿದಳು. ಒತ್ತಿದ ಬೆರಳು ಅಲ್ಲೇ ನಿಂತಿತು.

"ಇದಕ್ಕೆ ಮು ಹಚ್ಚಿಲ್ಲ," ಎಂದಳು ಮೆಲ್ಲಗೆ.

"ಯಾಕ್ ಹಚ್ಚಿಲ್ಲ?"

"ಒಣಗಿದ್ದಲ್ವಾ ಕಣೇ... ಬಾಟ್ಲು, ಡಬ್ಬಿ, ನೀರು ಗೀರು ಇರೋದಕ್ಕೆಲ್ಲ ಹಚ್ಚಿದೆ. ಇದು ನನ್ ತಲೆಗೇ ಹೋಗ್ಲಿಲ್ಲ."

ನನ್ನ ತಲೆಗೂ ಹೋಗಿರಲಿಲ್ಲ ಎನ್ನಿ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದರು ಎಂಬ ಗಾದೆಯನ್ನು ನಾವು ಕೊರಳಿಗೇ ಕಟ್ಟಿಕೊಂಡು ತಿರುಗಿದ್ದೆವು. ಜೆಲ್ ಮುಟ್ಟಿದ ಗ್ಲೌಸಿನಿಂದ ಗುಂಡಿ ಒತ್ತುವುದು, ಶುದ್ಧ ಕೋಣೆಯಲ್ಲಿ ಹೊಸ ಗ್ಲೌಸ್ ಹಾಕಿಕೊಂಡು ಅದೇ ಗುಂಡಿ ಒತ್ತುವುದು. ಊಟ ಅರ್ಧಕ್ಕೇ ಬಿಟ್ಟು ಓಡಿದೆವು. ಒದ್ದೆ ಹತ್ತಿಯಿಂದ ಗುಂಡಿ ಒರೆಸಿ, ಆ ನೀರನ್ನೇ ನಕಲು ಮಾಡಿ ಜೆಲ್ ಮೇಲೆ ಓಡಿಸಿದರೆ ಪಟ್ಟಿ ದೀಪಾವಳಿ ಹಣತೆಯ ಹಾಗೆ ಬೆಳಗಿತು. ಮೇಜು, ಪಿಪೆಟ್, ಬಾಗಿಲ ಹಿಡಿ ಎಲ್ಲಕ್ಕೂ ಬ್ಲೀಚಿನ ಅಭಿಷೇಕವಾಯಿತು. ತೆರೆದು ಬಳಸಿದ್ದ ಸೀಸೆಗಳನ್ನೆಲ್ಲ ಎಸೆದೆವು. ಯಲಹಂಕ ಹಳೇಪೇಟೆಯ ಪಾತ್ರೆ ಅಂಗಡಿಯಲ್ಲಿ ನಾನು ಎರಡು ಹೊಸ ಟೈಮರ್ ತಂದೆ, ಕೋಣೆಗೊಂದು, ಗೋಡೆಗೇ ಕಟ್ಟಿಹಾಕಿದೆ. ಮುಂದಿನ ಸಲ ಬರೀ ನೀರನ್ನು ಓಡಿಸಿ ನೋಡಿದಾಗ ಸಾಲು ಕಪ್ಪಗೆ, ಖಾಲಿ! ಇಬ್ಬರೂ ಕೈಹಿಡಿದು ಕುಣಿದೆವು. ಏನೂ ಕಾಣದ್ದನ್ನು ನೋಡಿ ಅಷ್ಟು ಸಂತೋಷಪಟ್ಟದ್ದು ನನ್ನ ಬಾಳಿನಲ್ಲಿ ಅದೊಂದೇ ಸಲ.

ಇನ್ನು ಉಳಿದದ್ದು ಕೊನೆಯ ರಾಣಿಯ ನಳಿಕೆ. ಸರ್ ಇಬ್ಬರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು: "ನೋಡಮ್ಮ ಸಹಕಾರನಗರ, ಒಂದೇ ಇದೆ. ಅದೂ ಕೈಕೊಟ್ರೆ ಅಧ್ಯಾಯಾನೇ ಇರಲ್ಲ. ಮುಂದಿನ ಸೀಸನ್ ತನಕ ಕಾಯೋಕೆ ನಿನ್ ಫೆಲೋಶಿಪ್ ಇರಲ್ಲ. ಹಳೇದನ್ನ ಅನುಮಾನ ಇದೆ ಅಂತ ಒಂದ್ ಸಾಲು ಬರೆದು ಇಟ್ಕೋಬಹುದು. ನಿನ್ನಿಷ್ಟ." ನನಗೆ ಅದೇ ಸರಿಯೆನಿಸಿತು. ಹೊರಗೆ ಬಂದು, "ಸುಮ್ನೆ ಹಾಗೇ ಮಾಡೇ, ಕೈಲಿರೋದನ್ನ ಯಾಕ್ ಕಳ್ಕೋತೀಯಾ?" ಎಂದೆ. ಮಾರನೆಯ ಬೆಳಿಗ್ಗೆ ನಾನು ಬರುವಷ್ಟರಲ್ಲಿ ನಳಿಕೆಯನ್ನು ಐಸಿನಲ್ಲಿ ಇಟ್ಟುಕೊಂಡು ಕೂತಿದ್ದಳು. "ಉಪ್ಪು ನೀನ್ ಹಾಕು," ಎಂದಳು.

ಹಾಕಿದೆ. ಜೆಲ್ ಮೇಲೆ ರಾಣಿಯ ಸಾಲಿನಲ್ಲಿ ತೆಳ್ಳಗೆ ಬೆಳಕು, ನೀರಿನ ಸಾಲಿನಲ್ಲಿ ಏನೂ ಇಲ್ಲ. ಯಂತ್ರಕ್ಕೆ ಕಳಿಸಿ ಕಾದೆವು. ಓದು ಬಂದಾಗ ಆ ಜೀನಿನ ಮೇಲೆ ಒಂದೇ ಒಂದು ಟೋಪಿಯೂ ಇರಲಿಲ್ಲ. ಅಷ್ಟು ದಿನ ನಾವೆಲ್ಲ ಮೆಚ್ಚಿದ್ದ ಕಥೆ ಅಲ್ಲಿಗೆ ಮುಗಿಯಿತು.

ಅವಳೇ ಸರ್ ಕೋಣೆಗೆ ಹೋದಳು, ನಾನು ಬಾಗಿಲಲ್ಲಿ ನಿಂತೆ. "ಸರ್, ಅದು ರಾಣಿದಲ್ಲ. ನಮ್ ಟೈಮರಿಂದು," ಎಂದಳು. ಸರ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಖಾತ್ರಿನಾ?" "ಈ ಸಲ ಖಾತ್ರಿ ಸರ್." ಕನ್ನಡಕ ಮತ್ತೆ ಹಾಕಿಕೊಂಡು, "ಹಾಗಾದ್ರೆ ಇದನ್ನೇ ಬರಿ. ಸಣ್ಣ ಅಧ್ಯಾಯ ಆಗುತ್ತೆ, ಆಗ್ಲಿ," ಎಂದರು.

ಹೊರಗೆ ಬಂದಾಗ ಅಳು ಬಂದದ್ದು ನನಗೆ. ಅವಳ ಮುಖ ನೋಡಿದರೆ ತಿಳಿಯಾಗಿತ್ತು. ನನ್ನ ತೋಳು ಹಿಡಿದು ಮರದ ಕಡೆ ಕರೆದುಕೊಂಡು ಹೋದಳು.

"ಅಳ್ಬೇಡ್ವೇ. ಮೊದಲನೇ ಸಲಾನೇ ನೀರಿನ ಸಾಲಲ್ಲಿ ಏನೋ ಮಸುಕಾಗಿ ಕಂಡಿತ್ತು ಕಣೇ. ನಿಂಗೂ ಕಾಣ್ಲಿಲ್ಲ, ಸರ್‌ಗೂ ಕಾಣ್ಲಿಲ್ಲ. ಅವ್ರು ಅಷ್ಟ್ ಖುಷಿಯಾಗಿದ್ರು, ಹೇಳೋಕೆ ಬಾಯೇ ಬರ್ಲಿಲ್ಲ. ಅವತ್ತಿಂದ ಯಾರಾದ್ರೂ ರಾಣಿ ಕಥೆ ಹೇಳು ಅಂದ್ರೆ ಊಟದ ಡಬ್ಬಿ ಅರ್ಧಕ್ಕೇ ಮುಚ್ಚಿಬಿಡ್ತಿದ್ದೆ."

ಬಾಯಿಬಡುಕಿ ನಾನು, ಅಷ್ಟು ತಿಂಗಳು ಅವಳ ಪಕ್ಕದಲ್ಲೇ ಕೂತು ಉಂಡಿದ್ದೆ, ಒಂದು ಸಲವೂ ಕೇಳಿರಲಿಲ್ಲ.

"ಇವಾಗ?" ಎಂದೆ.

"ಇವಾಗ ಹಸಿವಾಗ್ತಿದೆ," ಎಂದಳು. ಹೋಟೆಲಿಗೆ ಹೋದೆವು. ಒಂದು ಮಸಾಲೆ ದೋಸೆ ತಿಂದು, ಇನ್ನೊಂದು ಹೇಳಿ, ಅದು ಬರುವ ತನಕ ತಡೆಯಲಾಗದೆ ನನ್ನ ತಟ್ಟೆಗೂ ಕೈ ಹಾಕಿದಳು.