ಸಿದ್ದಲಿಂಗಪ್ಪನವರ ಎಡಪುಟ

ಮಧ್ಯಾಹ್ನ ಎರಡು ಗಂಟೆ ಇಪ್ಪತ್ತು ನಿಮಿಷಕ್ಕೆ ಅಣ್ಣ ಮುಂದಿದ್ದ ತಟ್ಟೆ ತಳ್ಳಿ ಗೋಡೆಗೆ ಒರಗಿದ. ನಾನು ಡಿಗ್ರಿಗೆ ಸೇರಿದಾಗ ಅವನೇ ಕೊಡಿಸಿದ್ದ ವಾಚು ಇನ್ನೂ ಹೊಸದಾಗಿತ್ತು. ಕಾರಣವಿಲ್ಲದೆ ಅದನ್ನು ನೋಡಿಕೊಳ್ಳುತ್ತಿದ್ದೆ, ಹಾಗಾಗಿ ಹೊತ್ತು ಖಚಿತ. ಮುದ್ದೆಯನ್ನು ಅರ್ಧ ಮುರಿದಿದ್ದ, ಹಣೆಯೆಲ್ಲ ಬೆವರು. ಎದ್ದು ಹಿತ್ತಲ ಬಾಗಿಲು ಮುಟ್ಟುವಷ್ಟರಲ್ಲಿ ವಾಂತಿಯಾಯಿತು.

ಅವ್ವ ನನ್ನ ಮುಖ ನೋಡಿದಳು. ನಾನು ಹೇಳಿಬಿಟ್ಟೆ: "ಬೆಳಿಗ್ಗೆ ಅತ್ತಿಗೆ ಅಣ್ಣನ್ನ ಕೋಣೆಗೆ ಕರ್ದು ಏನೋ ಕೊಟ್ಳು. ಅವನು ನೀರು ಕುಡ್ದು ನುಂಗ್ದ."

ಅತ್ತಿಗೆ ತುರುವೇಕೆರೆ ಕಡೆಯವಳು. ನಮ್ಮ ಮನೆಗೆ ಬಂದು ಮೂರು ತಿಂಗಳಾಗಿತ್ತು. ನಮ್ಮ ಊರುಗಳಲ್ಲಿ ಹೊಟ್ಟೆಯ ಕಾಯಿಲೆ ಏನೆಂದು ತಿಳಿಯದಿದ್ದರೆ ಅದಕ್ಕೊಂದು ಹೆಸರು ಸಿದ್ಧವಾಗಿರುತ್ತಿತ್ತು: ಮದ್ದಿಕ್ಕಿದ್ದಾರೆ. ಅನ್ನದಲ್ಲೋ ಎಲೆ ಅಡಿಕೆಯಲ್ಲೋ ಯಾರೋ ಏನನ್ನೋ ಬೆರೆಸಿದ್ದಾರೆ ಎಂದರ್ಥ. ಗಂಡನನ್ನು ಕೈಯೊಳಗೆ ಇಟ್ಟುಕೊಳ್ಳಲು ಹೊಸ ಸೊಸೆಯರು ಇದನ್ನು ಮಾಡುತ್ತಾರೆಂಬ ಮಾತು ಎಲ್ಲ ಜಗಲಿಗಳಲ್ಲೂ ಓಡಾಡುತ್ತಿತ್ತು. ಕಕ್ಕಿಸಿ, ಭೇದಿ ಮಾಡಿಸಿ ಅದನ್ನು ಹೊರಗೆ ತೆಗೆಯಬೇಕು. ತಿಪಟೂರಿನಲ್ಲಿ ಬಿ.ಎಸ್ಸಿ. ಓದುತ್ತಿದ್ದ ನಾನು ಇದನ್ನೆಲ್ಲ ನಂಬುತ್ತಿರಲಿಲ್ಲ. ಆ ಮಧ್ಯಾಹ್ನ ನಂಬಿದೆ.

ಕಾಂಪೌಂಡರ್ ಸಿದ್ದಲಿಂಗಪ್ಪನವರನ್ನು ನೆನೆದಾಗೆಲ್ಲ ನನಗೆ ಮೊದಲು ಕಾಣುವುದು ಆ ಅರ್ಧ ಮುರಿದ ಮುದ್ದೆ.

ಹೊನ್ನವಳ್ಳಿಗೆ ಹತ್ತಿರದ ನಮ್ಮೂರಿಗೆ ಡಾಕ್ಟರು ವಾರದಲ್ಲಿ ಎರಡು ದಿನ ಬರುತ್ತಿದ್ದರು. ಉಳಿದ ದಿನಗಳಲ್ಲಿ ಡಾಕ್ಟರ ಶಾಪಿನಲ್ಲಿ ಗಾಜಿನ ಬಾಟಲಿಗಳ ನಡುವೆ ಸಿದ್ದಲಿಂಗಪ್ಪನವರೇ ಇರುತ್ತಿದ್ದರು. ಹಣೆಯಲ್ಲಿ ವಿಭೂತಿ, ಕಿವಿಯ ಸಂದಿಯಲ್ಲಿ ಪೆನ್ಸಿಲು, ಮಂಡಿಯವರೆಗೆ ಎತ್ತಿ ಕಟ್ಟಿದ ಪಂಚೆ. ರೋಗಿಯ ಹೊಟ್ಟೆ ಅಮುಕುವಾಗ ಅವರು ಹೊಟ್ಟೆ ನೋಡುತ್ತಿರಲಿಲ್ಲ, ಮುಖ ನೋಡುತ್ತಿದ್ದರು. ನೋಡಿಸಿಕೊಳ್ಳುವವರಿಗೆ ಏನೋ ಕಳ್ಳತನ ಮಾಡಿ ಸಿಕ್ಕಿಬಿದ್ದ ಹಾಗಾಗುತ್ತಿತ್ತು.

ಅವರ ಬಳಿ ಉದ್ದನೆಯ ಒಂದು ನೋಟ್‌ಬುಕ್ಕಿತ್ತು. ಎಡಪುಟದಲ್ಲಿ ಜನ ಹೇಳಿದ ಮಾತು, ಹೇಳಿದ ಹಾಗೆಯೇ. ಬಲಪುಟದಲ್ಲಿ, ಡಾಕ್ಟರು ಬಂದು ನೋಡಿದ ಮೇಲೆ ಅದಕ್ಕೆ ಅವರು ಕೊಟ್ಟ ಹೆಸರು. ಎಡಕ್ಕೆ, 'ನುಲುದು ನುಲುದು ಬತ್ತದೆ, ಲೋಳೆ ಹೋಗ್ತದೆ', ಬಲಕ್ಕೆ, ಡಿಸೆಂಟ್ರಿ. ಎಡಕ್ಕೆ, 'ಹಸಿದ್ರೆ ಕೆರೀತದೆ, ಉಂಡ್ರೆ ತಣ್ಣಗಾಯ್ತದೆ', ಬಲಕ್ಕೆ, ಅಲ್ಸರ್. ಹುಳಿತೇಗು, ಹೊಟ್ಟೆ ಉಬ್ಬರ, ಆಮಶಂಕೆ, ಕಾಮಾಲೆ, ಎಲ್ಲಕ್ಕೂ ಅಲ್ಲಿ ಜೋಡಿಯಿತ್ತು.

ಒಮ್ಮೆ ಅವ್ವನ ಕೆಮ್ಮಿನ ಔಷಧಿಗೆ ಹೋಗಿದ್ದಾಗ ಕೊಬ್ಬರಿ ವ್ಯಾಪಾರಿಯೊಬ್ಬರು ಬಂದು ಬೆಂಚಿನ ಮೇಲೆ ಕೂತರು. "ಗ್ಯಾಸ್ ಟ್ರಬಲ್ ಕಣ್ರೀ," ಅಂದರು.

"ಅದು ನಿಮ್ಮ ಭಾಮೈದುನನ ಕಾಯಿಲೆ. ಹೋದ ವಾರ ಅವರೇ ಹೇಳಿ ಹೋದ್ರು. ನಿಮ್ದೇನು ಅಂತ ಹೇಳಿ. ಉಬ್ತದೋ, ಉರೀತದೋ, ಚುಚ್ತದೋ?"

"ಔಷಧಿ ಕೊಡಿ ಅಂದ್ರೆ ಪರೀಕ್ಷೆ ಮಾಡ್ತೀರಲ್ರೀ."

"ಫೇಲಾದೋರಿಗೆ ನನ್ನತ್ರ ಔಷಧಿ ಇಲ್ಲ."

ನಾನು ನಕ್ಕಿದ್ದೆ. ಆದರೂ ಅವರ ಮೇಲೆ ನನಗೆ ಭರವಸೆ ಇರಲಿಲ್ಲ. ಓದಿದ್ದು ಎಂಟನೇ ಕ್ಲಾಸು; ಎಲ್ಲರಿಗೂ ಅದೇ ಗುಲಾಬಿ ಬಣ್ಣದ ನೀರು ಕೊಡುತ್ತಾರೆ ಎಂದು ಗೆಳತಿಯರಿಗೆ ಹೇಳಿಕೊಂಡು ಓಡಾಡಿದವಳು ನಾನೇ.

ಆ ದಿನ ಅಣ್ಣ ನಡುಮನೆಯ ಚಾಪೆಯ ಮೇಲೆ ಮಂಡಿ ಮಡಚಿ ಮಲಗಿದ್ದ. ಕಾಲು ಚಾಚು ಅಂದರೆ ಚಾಚುತ್ತಿರಲಿಲ್ಲ. ಅವ್ವ ಒಲೆಯ ಮೇಲೆ ಹರಳೆಣ್ಣೆ ಬೆಚ್ಚಗೆ ಮಾಡುತ್ತ, "ಹೊಟ್ಟೇಲಿರೋದೆಲ್ಲ ಕಿತ್ತುಕೊಂಡು ಬರ್ಲಿ. ಬೆಳಗಾಗ್ತಲೇ ಮದ್ದು ತೆಗಿಯೋನ ಹತ್ರ ಹೋಗಾನ," ಎಂದಳು. ಆಮೇಲೆ ಸುತ್ತ ನೋಡಿದಳು. "ಎಲ್ಲೇ ನಿಮ್ಮತ್ತಿಗೆ?"

ಅಡುಗೆಮನೆಯಲ್ಲಿ ಇರಲಿಲ್ಲ, ಬಾವಿಯ ಹತ್ತಿರವೂ ಇರಲಿಲ್ಲ. ಹಿತ್ತಲ ಬಾಗಿಲು ತೆರೆದಿತ್ತು. ಅವಳ ಚಪ್ಪಲಿ ಮಾತ್ರ ಅಲ್ಲೇ ಇತ್ತು.

"ನೋಡಿದ್ಯಾ? ಓಡೋದ್ಲು," ಅಂದಳು ಅವ್ವ. ನಾನು ಕಂಡದ್ದು ನಿಜವೇ ಇರಬೇಕು ಎಂದುಕೊಂಡೆ.

ಅವ್ವ ಎಣ್ಣೆಯ ಸೌಟನ್ನು ಅಣ್ಣನ ಬಾಯಿಯ ಹತ್ತಿರ ಹಿಡಿದಿದ್ದಳು. ಅವನು ವಾಸನೆಗೇ ಮುಖ ತಿರುಗಿಸುತ್ತಿದ್ದ. ತಲೆ ಹಿಡಿದುಕೊ ಎಂದಳು, ಹಿಡಿದುಕೊಂಡೆ. ಅಷ್ಟರಲ್ಲಿ ಅಂಗಳದಲ್ಲಿ ಸೈಕಲ್ಲು ಬಿದ್ದ ಸದ್ದಾಯಿತು. ಸಿದ್ದಲಿಂಗಪ್ಪನವರು ಒಳಗೆ ಬಂದು ಮಾತಾಡದೆ ಸೌಟು ತೆಗೆದುಕೊಂಡರು.

"ಎಷ್ಟು ಕುಡ್ಸಿದ್ದೀರಿ?"

"ಇನ್ನೂ ಇಲ್ಲ," ಅಂದಳು ಅವ್ವ. "ಮದ್ದಿಕ್ಕವ್ಳೆ ಕಣ್ರೀ. ಇವ್ಳು ಕಣ್ಣಾರೆ ಕಂಡವ್ಳೆ, ಏನೋ ಕೊಟ್ಳಂತೆ."

ಅವರು ನನ್ನ ಕಡೆ ತಿರುಗಿದರು. "ಏನೋ ಅಂದ್ರೆ?"

ಆಗ ಅತ್ತಿಗೆ ಬಂದಳು. ಅವರನ್ನು ಕರೆಯಲು ಹೋಗಿ, ಸೈಕಲ್ಲಿನ ಹಿಂದೆ ತೋಟದ ದಾರಿಯಲ್ಲಿ ಓಡಿ ಬಂದಿದ್ದಳು. ಸೀರೆಯ ಅಂಚಿನ ತುಂಬ ಮುಳ್ಳು, ಕಾಲಿನಲ್ಲಿ ರಕ್ತ.

"ಬೆಳಿಗ್ಗೆ ಏನ್ ಕೊಟ್ಟೆ ತಾಯಿ?"

"ಓಮ, ಉಪ್ಪು. ಎದ್ದಾಗಿಂದ ಹೊಕ್ಕಳ ಸುತ್ತ ಹಿಡಕೊಂಡದೆ ಅಂದ್ರು. ಕಾಯಿ ಕೀಳೋರು ಬಂದವ್ರೆ, ಕೆಲ್ಸ ನಿಲ್ತದೆ, ಅವ್ವಂಗೆ ಹೇಳ್ಬೇಡ ಅಂದ್ರು."

ಸಿದ್ದಲಿಂಗಪ್ಪನವರು ಅಣ್ಣನ ಪಕ್ಕ ಕುಕ್ಕರುಗಾಲಲ್ಲಿ ಕೂತರು. "ಮೊದ್ಲು ನೋವು ಬಂತೋ, ವಾಂತಿ ಬಂತೋ? ಯೋಚ್ನೆ ಮಾಡಿ ಹೇಳಪ್ಪ."

"ನೋವು. ಬೆಳಿಗ್ಗಿಂದ."

"ಈಗ್ಲೂ ಹೊಕ್ಕಳತ್ರವೇ ಐತಾ?"

"ಇಲ್ಲ. ಕೆಳಗಿಳೀತು. ಬಲಕ್ಕೆ."

ಅಲ್ಲಿ ನಾಲ್ಕು ಬೆರಳಿಟ್ಟು ಮೆಲ್ಲಗೆ ಅಮುಕಿದರು. ಅಣ್ಣ ಹಲ್ಲು ಕಚ್ಚಿದ. ಕೈ ತಟ್ಟನೆ ಎತ್ತಿದರು. ಆಗ ಅವನು ಕೂಗಿದ ಕೂಗು ಇವತ್ತಿಗೂ ನನ್ನ ಕಿವಿಯಲ್ಲಿದೆ.

"ತಿಂದದ್ದು ಕೆಟ್ಟಿದ್ರೆ ಸಾಮಾನ್ಯವಾಗಿ ವಾಂತಿ ಮೊದ್ಲು ಬತ್ತದೆ, ನೋವು ಆಮೇಲೆ," ಎಂದರು ಅವ್ವನಿಗೆ. "ಇದು ಅಪೆಂಡಿಸೈಟಿಸ್ ಇದ್ದಂಗದೆ. ಭೇದಿಗೆ ಕೊಟ್ರೆ ಒಳಗೇ ಒಡೀತದೆ. ಆಪರೇಷನ್ ಆಗ್ಬೇಕು, ಈಗ್ಲೇ."

ಆ ಪದ ನನಗೆ ಗೊತ್ತಿತ್ತು. ಮೊಲದ ಜೀರ್ಣಾಂಗಗಳ ಚಿತ್ರ ಬರೆದು, ಅಪೆಂಡಿಕ್ಸಿಗೆ ಗೆರೆ ಎಳೆದು ಹೆಸರು ಹಾಕಿ, ರೆಕಾರ್ಡಿಗೆ ಸಹಿ ಹಾಕಿಸಿಕೊಂಡವಳು ನಾನು. ಆದರೂ ಅಣ್ಣನ ತಲೆ ಅಲುಗದಂತೆ ಹಿಡಿದುಕೊಂಡಿದ್ದೆ.

ಕಾಯಿ ತುಂಬಲು ಬಂದಿದ್ದ ಲಾರಿಯಲ್ಲಿ ನಾರು ಹಾಸಿ ಅವನನ್ನು ಮಲಗಿಸಿದರು. ಹೊರಡುವ ಮುಂಚೆ ಸಿದ್ದಲಿಂಗಪ್ಪನವರು ಸೌಟಿನ ಎಣ್ಣೆಯನ್ನು ತಮ್ಮ ಸೈಕಲ್ಲಿನ ಚೈನಿಗೆ ಸುರಿದರು. "ಇದಕ್ಕೆ ಬೇಕಾಗಿತ್ತು. ಒಂದು ವಾರದಿಂದ ಕಿರ್ ಅಂತಿತ್ತು," ಎಂದು ಸೌಟನ್ನು ಅವ್ವನ ಕೈಗೆ ಕೊಟ್ಟರು.

ಲಾರಿ ಗುಂಡಿ ಹಾರಿದಾಗೆಲ್ಲ ಅಣ್ಣ ಬಲಗಡೆ ಹಿಡಿದುಕೊಳ್ಳುತ್ತಿದ್ದ. ಜೊತೆಗೆ ಹತ್ತಿದ್ದ ಸಿದ್ದಲಿಂಗಪ್ಪನವರು ಅದನ್ನೇ ನೋಡುತ್ತ ಕೂತಿದ್ದರು. ತಿಪಟೂರು ಹತ್ತಿರವಾದಾಗ ನನಗೆ ಮಾತ್ರ ಕೇಳುವಂತೆ ಅಂದರು: "ಏನೋ ಅನ್ನೋದು ಸಾಕ್ಷಿ ಅಲ್ಲ ಕಣಮ್ಮ. ಕಾಣ್ದೆ ಇದ್ರೆ ಕಾಣ್ಲಿಲ್ಲ ಅನ್ನು."

ಆಪರೇಷನ್ ಮಾಡಿದ ಡಾಕ್ಟರು ಅದು ಒಡೆಯುವ ಹಂತದಲ್ಲಿತ್ತು ಎಂದರು. ಅಣ್ಣ ಬದುಕಿಕೊಂಡ. ನಮ್ಮ ಮನೆಯ ಅನುಮಾನ ಮಾತ್ರ ಅಷ್ಟು ಬೇಗ ವಾಸಿಯಾಗಲಿಲ್ಲ. ಅತ್ತಿಗೆ ಬಡಿಸುವಾಗ ಅವ್ವ ಅವಳ ಕೈಬೆರಳನ್ನೇ ನೋಡುತ್ತಿದ್ದಳು. ಸಿದ್ದಲಿಂಗಪ್ಪನವರು ಅಣ್ಣನ ಹೊಲಿಗೆ ನೋಡಲು ಬಂದಾಗಲೆಲ್ಲ, "ತಾಯಿ, ನಿನ್ನ ಕೈಯಾರೆ ಏನಾದ್ರೂ ಕೊಡು," ಎಂದು ಕೇಳಿ, ಅವ್ವನ ಎದುರೇ ಕೂತು ಉಂಡು ಹೋಗುತ್ತಿದ್ದರು. ಐದಾರು ಊಟದ ಮೇಲೆ ಅವ್ವನ ಕಣ್ಣು ಅತ್ತಿಗೆಯ ಕೈಯಿಂದ ಸರಿಯಿತು. ನಾನು ಏನು ಹೇಳಿದ್ದೆನೆಂದು ಅವರು ಅತ್ತಿಗೆಗೆ ಹೇಳಲಿಲ್ಲ. ನಾನೂ ಹೇಳಲಿಲ್ಲ. ರಾತ್ರಿ ಎಚ್ಚರವಾದರೆ ನನ್ನ ಎರಡು ಅಂಗೈಗಳ ನಡುವೆ ಅಣ್ಣನ ತಲೆ ಇರುತ್ತಿತ್ತು.

ಕೆಲವು ವರ್ಷಗಳ ನಂತರ ಸಿದ್ದಲಿಂಗಪ್ಪನವರು ತೀರಿಕೊಂಡರು. ನಾನಾಗ ತಿಪಟೂರಿನಲ್ಲೇ ಹೈಸ್ಕೂಲು ಟೀಚರಾಗಿದ್ದೆ. ಅವರ ಮಗಳು ಬಂದು ನೋಟ್‌ಬುಕ್ಕನ್ನು ನನ್ನ ಕೈಗಿಟ್ಟು, "ನಿಮ್ಗೆ ಕೊಡು ಅಂದಿದ್ರು," ಎಂದಳು. ಆ ದಿನದ ಪುಟ ಹುಡುಕಿದೆ. ಎಡಕ್ಕೆ ಮೂರು ಸಾಲಿದ್ದವು. 'ಮದ್ದಿಕ್ಕವ್ಳೆ: ತಾಯಿ. ಏನೋ ಕೊಟ್ಳು: ತಂಗಿ. ಓಮ, ಉಪ್ಪು: ಹೆಂಡತಿ.' ಬಲಕ್ಕೆ ಡಾಕ್ಟರು ಕೊಟ್ಟ ಹೆಸರು.

ಮರುದಿನವೇ ಊರಿಗೆ ಹೋಗಿ ಅತ್ತಿಗೆಯ ಮುಂದೆ ಆ ಪುಟ ತೆರೆದಿಟ್ಟೆ. ಅವಳು ಕಾಫಿ ಬಸಿಯುತ್ತಲೇ ಬಗ್ಗಿ ಓದಿದಳು.

"ಗೊತ್ತಿತ್ತು ಕಣೇ. ಅಡುಗೆಮನೇಲಿ ನಿಂತು ಕೇಳಿಸ್ಕೊಂಡೆ. ಕೇಳಿಸ್ಕೊಂಡೇ ನಾನು ಓಡಿದ್ದು," ಎಂದಳು. ಲೋಟ ನನ್ನ ಮುಂದೆ ಇಟ್ಟಳು. "ನೀನು ಬಾಯಿ ಬಿಡ್ದೆ ಇದ್ದಿದ್ರೆ ಸಂಜೆಗಂಟ ನಾನೂ ಓಮ ಕೊಡ್ತಾ ಕೂತಿರ್ತಿದ್ದೆ. ಕುಡಿ, ಆರೋಯ್ತದೆ."

ಆ ರಾತ್ರಿ ಅತ್ತಿಗೆಯ ಪಕ್ಕದಲ್ಲೇ ಚಾಪೆ ಹಾಸಿಕೊಂಡು ಮಲಗಿದೆ. ನಡುವೆ ಒಮ್ಮೆಯೂ ಎಚ್ಚರವಾಗಲಿಲ್ಲ. ಕಣ್ಣು ಬಿಟ್ಟಾಗ ತೋಟದಲ್ಲಿ ಕಾಯಿ ಬೀಳುವ ಸದ್ದು ಕೇಳುತ್ತಿತ್ತು, ಅಣ್ಣ ಯಾರನ್ನೋ ಬೈಯುತ್ತಿದ್ದ. ಗಂಟೆ ಎಷ್ಟೆಂದು ನೋಡಲಿಲ್ಲ.