ಕೂಡುವ ಗುರಪ್ಪ ಮತ್ತು ಸಂಜೆಯ ಬಸ್ಸು

ನಾಲತವಾಡದ ಬಸ್ ನಿಲ್ದಾಣದಲ್ಲಿ ಗುರಪ್ಪನಿಗೆ ಒಂದೇ ಕೆಲಸ, ಕೂಡುವುದು. ತೊಂಬತ್ತೆಂಟರ ಮಾತಿದು. ಗುರುನಾಥ ಸಾವಕಾರನ ಟ್ರ್ಯಾಕ್ಸ್ ಜೀಪುಗಳು ತುಂಬದೆ ಹೊರಡುತ್ತಿರಲಿಲ್ಲ, ಖಾಲಿ ಗಾಡಿಗೆ ಜನ ಹತ್ತುತ್ತಿರಲಿಲ್ಲ. ಅದಕ್ಕೇ ಸಾವಕಾರ ಕೊಡುವ ಕೂಲಿಗೆ ಗುರಪ್ಪ ಕೈಚೀಲ ತೊಡೆಯ ಮೇಲಿಟ್ಟುಕೊಂಡು, ಊರಿಗೆ ಹೊರಟವನಂತೆ ಕಿಟಕಿಯ ಪಕ್ಕ ಕೂಡುತ್ತಿದ್ದ. ಅವನನ್ನು ನೋಡಿ ಒಬ್ಬ ಹತ್ತುವನು, ಆ ಒಬ್ಬನನ್ನು ನೋಡಿ ನಾಲ್ವರು. ಗಾಡಿ ತುಂಬಿದೊಡನೆ ‘ಎಲಿ ಅಡಿಕಿ ತರ್ತೇನಿ’ ಎಂದು ಇಳಿದು, ಹಿಂದಿನ ಗಾಡಿಯಲ್ಲಿ ಹೋಗಿ ಕೂಡುವನು. ದಿನವೆಲ್ಲ ಪ್ರಯಾಣಕ್ಕೆ ಕೂತು ಎಲ್ಲಿಗೂ ಹೋಗದ ಮನುಷ್ಯನನ್ನು ನಾನು ಬೇರೆಲ್ಲೂ ಕಾಣಲಿಲ್ಲ.

ಅವನ ಮಗಳು ಜಯಮಾಲಾ ಅಲ್ಲೇ ಕಾಲೇಜು ಕಲಿಯುತ್ತಿದ್ದಳು. ಹಳ್ಳಿಗೆ ಮರಳಲು ಸಂಜೆಯ ಸರ್ಕಾರಿ ಬಸ್ಸಿಗೆ ಕಾಯುತ್ತ, ನಿಲ್ದಾಣದ ಪಕ್ಕದ ನನ್ನ ಸೈಕಲ್ ಅಂಗಡಿಯ ಬೆಂಚಿನ ಮೇಲೆ ಕೂತು ಗಟ್ಟಿಯಾಗಿ ಓದುವಳು: “ಬಂಡವಾಳಶಾಹಿಯಲ್ಲಿ ಒಡೆತನ ಖಾಸಗಿಯವರದು, ಲಾಭವೇ ಗುರಿ. ಮಿಶ್ರ ಆರ್ಥಿಕತೆಯಲ್ಲಿ ಖಾಸಗಿಯವರ ಜೊತೆಗೆ ಸರ್ಕಾರವೂ ಇರುತ್ತದೆ.”

ಗಾಡಿಯಿಂದ ಇಳಿದು ಬಂದಿದ್ದ ಗುರಪ್ಪ ಕಿವಿ ನೆಟ್ಟಗೆ ಮಾಡಿದ. “ಟ್ರ್ಯಾಕ್ಸು ಸಾವಕಾರಂದು, ಕೆಂಪು ಬಸ್ಸು ಸರಕಾರದ್ದು. ಹಂಗಾರ ನಮ್ಮ ಸ್ಟ್ಯಾಂಡು ಮಿಶ್ರ ಅನ್ನು.”

“ಹೌದಪ್ಪಾ.”

“ಮತ್ತ ನಾ ಯಾವದರಾಗ ಬರ್ತೇನಿ?”

“ನೀ ಜಾಹೀರಾತಿನ್ಯಾಗ ಬರ್ತಿ” ಎಂದೆ ನಾನು.

ಅಷ್ಟರಲ್ಲಿ ಕೆಂಪು ಬಸ್ಸಿನ ಕಂಡಕ್ಟರ್ ನಿಜಾಮುದ್ದೀನ ಬಂದ. “ಸಂಜಿ ಟ್ರಿಪ್ಪಿಗಿ ಮಂದಿನ ಇಲ್ಲ. ಇನ್ನೊಂದು ವಾರ ಹಿಂಗ ಆದ್ರ ಬಂದ್ ಮಾಡ್ತಾರಂತ.”

ಜಯಮಾಲಾ ಪುಸ್ತಕ ಮುಚ್ಚಿದಳು. “ಬಸ್ ಬಂದಾದ್ರ ನನ್ನ ಕಾಲೇಜೂ ಬಂದ್ ಅಪ್ಪಾ.”

ಬಸ್ಸು ಹೊರಡುವ ಮುಂಚೆ ಅದೇ ಹಾದಿಯ ಮಂದಿಯನ್ನೆಲ್ಲ ಟ್ರ್ಯಾಕ್ಸಿಗೆ ಎಳೆದವನು ಗುರಪ್ಪನೇ. ನೇರ ಗುರುನಾಥನ ಹತ್ತಿರ ಹೋಗಿ ಮಗಳ ಪಾಡು ಹೇಳಿದ.

“ನಿನ್ನ ಮಗಳನ್ನ ಪುಕ್ಕಟ ಒಯ್ತೇನಿ ತಗೋ” ಎಂದ ಗುರುನಾಥ.

“ಗಾಡಿ ತುಂಬಲಿಲ್ಲಂದ್ರ ಸಾವಕಾರ್ರ?”

“ತುಂಬದ ಹೆಂಗ ಹೊಂಡ್ಲೋ? ಡೀಸೆಲ್ ಏನು ನಮ್ಮ ಹಿತ್ತಲ ಬಾವ್ಯಾಗ ಬರ್ತೈತೇನು?”

ಅದೂ ಸುಳ್ಳಲ್ಲ. ಮರುದಿನ ಸಂಜೆ ಗುರಪ್ಪ ಟ್ರ್ಯಾಕ್ಸಿನಿಂದ ಇಳಿದವನೇ ಚೀಲ ಹಿಡಿದು ಕೆಂಪು ಬಸ್ಸಿನ ಮುಂದಿನ ಕಿಟಕಿಗೆ ಹೋಗಿ ಕೂತ. ಸಂತೆ ಮುಗಿಸಿ ಬಂದ ರುಕ್ಮವ್ವ ಟ್ರ್ಯಾಕ್ಸಿಗೆ ಕಾಲಿಟ್ಟವಳು ತಿರುಗಿ ನೋಡಿದಳು. “ಗುರಪ್ಪ ಅಲ್ಲಿ ಕುಂತಾನ, ಅದ ಮೊದಲ ಹೊಂಡತೈತಿ” ಎಂದು ಬಸ್ಸು ಹತ್ತಿದಳು. ಅವಳ ಬೆನ್ನಿಗೆ ಬುಟ್ಟಿ, ಗಂಟು, ಮಂದಿ ಎಲ್ಲ ಬಂದವು.

ಕಡೆಯ ಸೀಟು ತುಂಬಲಿ, ಇಳಿದರಾಯಿತು ಎಂದು ಗುರಪ್ಪ ಕತ್ತು ಹೊರಳಿಸಿ ನೋಡುತ್ತಲೇ ಇದ್ದ. ಗಂಟೆ ಬಡಿಯಿತು, ಬಸ್ಸು ಹೊರಟೇಬಿಟ್ಟಿತು.

“ಏ, ನಿಲ್ಲಸ್ರಿ. ಹಿಂದ ಇನ್ನಾ ಸೀಟು ಖಾಲಿ ಅದಾವು” ಎಂದು ಗುರಪ್ಪ ಎದ್ದ.

“ಇದು ತುಂಬಲಿ ಬಿಡಲಿ, ಟೈಮಿಗಿ ಹೋಗೂ ಗಾಡಿ” ಎಂದ ನಿಜಾಮುದ್ದೀನ. “ಎಲಿ ಅಡಿಕಿ ಊರಾಗ ತಗೋ. ಎಲ್ಲಿಗಿ ತಿಕೀಟು?”

ಹಿಂದಿನ ಸೀಟಿನಲ್ಲಿ ಜಯಮಾಲಾ ಬಾಯಿಗೆ ಸೆರಗು ಒತ್ತಿ ನಗುತ್ತಿದ್ದಳು. ಗುರಪ್ಪ ಮತ್ತೆ ಕೂತು, “ಮನಿಗಿ” ಎಂದ.

ಅಂದಿನಿಂದ ಹಗಲು ಟ್ರ್ಯಾಕ್ಸು, ಸಂಜೆ ಬಸ್ಸು. ಗುರುನಾಥ ಬೈದ, ಕೆಲಸ ಬಿಡಿಸಲಿಲ್ಲ. ಅಷ್ಟು ಚೆನ್ನಾಗಿ ಕೂಡುವವನು ಇನ್ನೊಬ್ಬ ಸಿಗಬೇಕಲ್ಲ. ಬಸ್ಸೂ ನಿಲ್ಲಲಿಲ್ಲ. ಪರೀಕ್ಷೆಯಲ್ಲಿ ಮಿಶ್ರ ಆರ್ಥಿಕತೆಗೆ ಉದಾಹರಣೆ ಕೇಳಿದ್ದರಂತೆ. ಏನು ಬರೆದೆ ಎಂದರೆ ಜಯಮಾಲಾ ಇವತ್ತಿಗೂ ಅಪ್ಪನ ಕಡೆ ನೋಡಿ ನಗುತ್ತಾಳೆ.