ಕೀಲಿ ತೆಗೆದ ಮೇಲೂ ತಿರುಗಿದ ಫ್ಯಾನು

ನಮ್ಮ ಯಜಮಾನರನ್ನು ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಥರ್ಮಾಮೀಟರ್ ಅಂತ. ಇಟ್ಟವರು ಕೀಟಲೆಗೆ ಇಟ್ಟ ಹೆಸರು ಅದು. ಇವರೋ, ಅದನ್ನು ಬಿರುದಿನ ಹಾಗೆ ಹೊತ್ತುಕೊಂಡು ತಿರುಗಿದರು. ಗಾಡಿ ಓಡಿಸುವಾಗ ಉಳಿದವರ ಕಣ್ಣು ರಸ್ತೆಯ ಮೇಲೋ ರಸ್ತೆ ಬದಿಯ ಹೆಂಗಸರ ಮೇಲೋ ಇದ್ದರೆ, ಇವರ ಒಂದು ಕಣ್ಣು ಯಾವಾಗಲೂ ಎಂಜಿನ್ನಿನ ಕಾವು ತೋರಿಸುವ ಮುಳ್ಳಿನ ಮೇಲೆ. ಮನೆಯಲ್ಲಿ ಮಗಳಿಗೆ ಜ್ವರ ಬಂದು ಮಲಗಿದ್ದರೂ ಗೊತ್ತಾಗದ ಮನುಷ್ಯ, ರೇಡಿಯೇಟರಿನಲ್ಲಿ ಒಂದು ಲೋಟ ನೀರು ಕಡಿಮೆಯಾದರೆ ವಾಸನೆಯಲ್ಲೇ ಹೇಳುತ್ತಿದ್ದರು. ಹೇಳಿ ಏನು ಬಂತು, ಕಟ್ಟಿಕೊಂಡವಳು ನಾನು, ಗಾಡಿಯಲ್ಲ.

ಇವರು ಮೊದಲು ಒಂದು ಕಾಗದದ ಕಾರ್ಖಾನೆಯ ಮ್ಯಾನೇಜರಿಗೆ ಡ್ರೈವರಾಗಿದ್ದರು. ಕಾರ್ಖಾನೆಗೆ ಬೀಗ ಬಿದ್ದ ದಿನ ಜೊತೆಯವರೆಲ್ಲ ಗೇಟಿನ ಮುಂದೆ ಕೂತು ಕೂಗಾಡುತ್ತಿದ್ದರೆ, ಇವರು ಶೆಡ್ಡಿನಲ್ಲಿ ಧೂಳು ಹಿಡಿದು ನಿಂತಿದ್ದ ಮ್ಯಾನೇಜರ ಹಳೇ ಕಾರಿನ ಬಾನೆಟ್ ಎತ್ತಿ ಒಳಗೆ ತಲೆ ಹಾಕಿದ್ದರಂತೆ. ಆಮೇಲೆ ಅದನ್ನೇ ಕೊಂಡು ತಂದು ಟ್ಯಾಕ್ಸಿ ಮಾಡಿಕೊಂಡರು.

"ಹೋಗಿ ಹೋಗಿ ಮುದಿ ಕುದುರೆ ತಂದಿದ್ದೀರಲ್ಲ," ಅಂದೆ.

"ಮುದಿಯಾದ್ರೇನು, ಪಳಗಿದ್ದು ಕಣೇ," ಅಂದರು.

ಪಳಗಿದ್ದು ಹೌದು. ಮಗಳ ಶಾಲೆ, ನನ್ನ ಆಪರೇಷನ್ನು, ಮಗಳ ಮದುವೆ, ಎಲ್ಲಕ್ಕೂ ಅದೇ ಗಾಡಿ ಓಡಿತು. ಅಷ್ಟು ವರ್ಷದಲ್ಲಿ ಇವರು ಯಾರಿಗೂ ತಾಗಿಸಲಿಲ್ಲ, ಹತ್ತಿಸಿಕೊಂಡವರನ್ನು ನಡುದಾರಿಯಲ್ಲಿ ಇಳಿಸಲಿಲ್ಲ. ಇವರ ಬದುಕಿನ ಬಗ್ಗೆ ಕೇಳಿದರೆ ನಾನು ಹೇಳುವುದು ಇಷ್ಟೇ, ಮಿಕ್ಕದ್ದೆಲ್ಲ ಊಟ, ನಿದ್ದೆ, ಜಗಳ.

ಒಂದು ಬೇಸಗೆಯಲ್ಲಿ ಕಾರಿನ ಸೆನ್ಸರ್ ಕೆಟ್ಟಿತು. ಎಂಜಿನ್ ಕಾದಾಗ ರೇಡಿಯೇಟರಿನ ಫ್ಯಾನನ್ನು ತಾನಾಗಿಯೇ ತಿರುಗಿಸುವ ಸಣ್ಣ ಸಾಮಾನು ಅದು. ನಮ್ಮ ಬೀದಿಯ ಕೊನೆಯಲ್ಲಿ ಗ್ಯಾರೇಜ್ ಇಟ್ಟಿರುವ ಮೆಕ್ಯಾನಿಕ್ಕನ್ನು ಎಲ್ಲರೂ ಗ್ರೀಸಪ್ಪ ಅನ್ನುತ್ತಾರೆ. ಅವನ ಮದುವೆಯ ಫೋಟೋದಲ್ಲೂ ಉಗುರು ಕರ್ರಗೆ ಇದೆ. ಅವನು ಹೊಸ ಸೆನ್ಸರ್ ಹಾಕುತ್ತೇನೆ ಅಂದರೆ ಇವರು ಒಪ್ಪಬೇಕಲ್ಲ.

"ಯಾವಾಗ ಗಾಳಿ ಬೀಸ್ಬೇಕು ಅಂತ ನಂಗೆ ಗೊತ್ತಿಲ್ವಾ? ಕೈಗೆ ಸಿಗೋ ಹಾಗೆ ಒಂದು ಸ್ವಿಚ್ ಹಾಕ್ಕೊಡು, ಸಾಕು," ಅಂದರು.

ಇವರು ಹಿಡಿದ ಮೊಲಕ್ಕೆ ಯಾವಾಗಲೂ ಮೂರೇ ಕಾಲು. ಸ್ಟಿಯರಿಂಗಿನ ಕೆಳಗೆ ಒಂದು ಕರಿಯ ಸ್ವಿಚ್ಚು ಬಂತು. ಎತ್ತಿದರೆ ಫ್ಯಾನ್ ತಿರುಗುತ್ತದೆ, ಒತ್ತಿದರೆ ನಿಲ್ಲುತ್ತದೆ. ಖಾಲಿ ರಸ್ತೆಯಲ್ಲಿ ಓಡುವಾಗ ಎದುರುಗಾಳಿಯೇ ಎಂಜಿನ್ನನ್ನು ತಂಪಾಗಿಡುತ್ತದೆ, ಫ್ಯಾನ್ ಬೇಡ. ಸಿಗ್ನಲ್ಲಿನಲ್ಲಿ ನಿಂತಾಗ, ಗಾಡಿಗಳ ನಡುವೆ ತೆವಳುವಾಗ ಬೇಕು. ಬ್ರೇಕಿಗೆ ಕಾಲು ಹೋಗುವ ಮೊದಲೇ ಇವರ ಬೆರಳು ಸ್ವಿಚ್ಚಿಗೆ ಹೋಗುತ್ತಿತ್ತು. ಸ್ಟ್ಯಾಂಡಿನಲ್ಲಿ ಇನ್ನೂ ಕೆಲವರು ಇವರನ್ನು ನೋಡಿ ಹಾಗೇ ಸ್ವಿಚ್ಚು ಹಾಕಿಸಿಕೊಂಡರು. ಅವರು ಮರೆತು ಎಂಜಿನ್ ಕುದಿಸಿಕೊಂಡಾಗಲೆಲ್ಲ ಇವರು ಮನೆಗೆ ಬಂದು, ಊಟದ ಮುಂದೆ ಕೂತು ನಗುತ್ತಿದ್ದರು.

ಹೋದ ವರ್ಷ ನಮ್ಮ ಗಾಡಿಯೇ ಕುದಿಯತೊಡಗಿತು. ಇವರು ದಿನಾ ಬೆಳಿಗ್ಗೆ ಒಬ್ಬ ಟೀಚರಮ್ಮನನ್ನು ಶಾಲೆಗೆ ಬಿಡುತ್ತಿದ್ದರು. ಆಕೆಗೆ ಒಂದು ಕಾಲು ಸ್ವಾಧೀನವಿಲ್ಲ, ಊರುಗೋಲು ಹಿಡಿದು ನಡೆಯುತ್ತಾರೆ. ಸೇತುವೆಯ ಮೇಲೆ, ಮುಂದೆ ಹಿಂದೆ ಲಾರಿಗಳು ನಿಂತಿರುವಾಗ, ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತಂತೆ. ಆಕೆ ಊರುಗೋಲು ಊರಿಕೊಂಡು ಸೇತುವೆಯ ಆ ತುದಿಯವರೆಗೆ ನಡೆದು ಹೋಗಬೇಕಾಯಿತು. ಆ ದಿನ ಇವರು ಮನೆಗೆ ಬಂದು ಊಟ ಬೇಡ ಅಂದರು.

ಗ್ರೀಸಪ್ಪ ನೋಡಿದ. ರೇಡಿಯೇಟರಿನ ಮುಚ್ಚಳ ಬದಲಾಯಿಸಿದ, ಪೈಪುಗಳನ್ನು ಒತ್ತಿ ನೋಡಿದ, ರೇಡಿಯೇಟರನ್ನೇ ಬಿಚ್ಚಿ ತೊಳೆಸಿದ. ಸರಿಹೋಯಿತು ಅಂತ ಕಳಿಸಿದ, ಮತ್ತೆ ಕುದಿಯಿತು. ವಾಟರ್ ಪಂಪ್ ಹೊಸದು ಬಂತು, ಬೆಲ್ಟ್ ಬಂತು. ಮತ್ತೆ ಅದೇ ಹಾಡು. ಫ್ಯಾನಿನ ಮೋಟರನ್ನು ಬ್ಯಾಟರಿಗೆ ನೇರವಾಗಿ ಕೊಟ್ಟು ನೋಡಿದ, ಭರ್ರೆಂದು ತಿರುಗಿತು. ಗ್ಯಾರೇಜಿನಲ್ಲಿ ಎಂಜಿನ್ ಓಡುತ್ತಾ ಎಷ್ಟು ಹೊತ್ತು ನಿಂತರೂ ಮುಳ್ಳು ಅರ್ಧದಿಂದ ಮೇಲೇಳುತ್ತಿರಲಿಲ್ಲ. ಇವರು ಹತ್ತಿ ರಸ್ತೆಗೆ ತಂದರೆ ಸಾಕು, ಕುದಿ. ಇವರು ಡಿಕ್ಕಿಯಲ್ಲಿ ನೀರಿನ ಕ್ಯಾನುಗಳನ್ನು ತುಂಬಿಕೊಂಡು ಓಡಾಡತೊಡಗಿದರು. ಸ್ಟ್ಯಾಂಡಿನಲ್ಲಿ "ಥರ್ಮಾಮೀಟರಣ್ಣಂಗೇ ಜ್ವರ ಬಂತಲ್ಲಪ್ಪ" ಅಂದರಂತೆ. ಇವರು ನಗಲಿಲ್ಲ.

ಅಷ್ಟರಲ್ಲಿ ಮನೆಯಲ್ಲೂ ಒಂದೊಂದು ನಡೆಯುತ್ತಿತ್ತು. ಹೇಳಿದ ಕತೆಯನ್ನೇ ಹೇಳುವುದು, ಸ್ನಾನ ಮಾಡಿ ಬಂದು ಸ್ನಾನಕ್ಕೆ ನೀರು ಕಾದಿದೆಯಾ ಅಂತ ಕೇಳುವುದು. ಅರವತ್ತಕ್ಕೆ ಅರಳುಮರಳು ಅಂತ ನಾನೇ ಆಡಿಕೊಂಡು ನಕ್ಕಿದ್ದೆ. ಆಡಿಕೊಳ್ಳುವುದು ನನಗೆ ಹುಟ್ಟುಗುಣ, ಏನು ಮಾಡಲಿ.

ಒಂದು ದಿನ ನನ್ನ ಕನ್ನಡಕ ತರಲು ಇಬ್ಬರೂ ಹೊರಟೆವು. ನಾನು ಮುಂದಿನ ಸೀಟಿನಲ್ಲಿ ಕೂತಿದ್ದೆ. ಮಾರುಕಟ್ಟೆಯ ಹತ್ತಿರ ಗಾಡಿಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಇವರ ಕೈ ತೊಡೆಯ ಮೇಲಿತ್ತು. ಮುಳ್ಳು ನಿಧಾನವಾಗಿ ಏರುತ್ತಿತ್ತು. ಇವರು ಅದನ್ನೇ ನೋಡುತ್ತಿದ್ದರು.

"ನೋಡು, ಶುರುವಾಯ್ತು ನೋಡು," ಅಂದರು.

"ಫ್ಯಾನ್ ಹಾಕಿದ್ದೀರೇನ್ರೀ?"

"ಹಾಕ್ದೆ ಇರ್ತೀನಾ? ಆಗ್ಲೇ ಹಾಕಿದ್ದೀನಿ."

ಸ್ವಿಚ್ಚು ಕೆಳಕ್ಕೆ ಒತ್ತಿದ ಹಾಗೇ ಇತ್ತು. ಬೇರೆ ದಿನವಾಗಿದ್ದರೆ ಕಣ್ಣು ಕಾಣಲ್ವಾ ಅಂತ ಜಾಡಿಸುತ್ತಿದ್ದೆ. ಆ ದಿನ ಕೈ ಚಾಚಿ ನಾನೇ ಸ್ವಿಚ್ಚು ಎತ್ತಿದೆ. ಇವರು ಹೊರಗೆ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಮುಳ್ಳು ಇಳಿಯಿತು. "ತಾನಾಗೇ ಇಳೀತು ನೋಡು, ವಿಚಿತ್ರ ಗಾಡಿ," ಅಂದರು.

ಮಾರನೆಯ ದಿನ ನಾನು ಒಬ್ಬಳೇ ಗ್ಯಾರೇಜಿಗೆ ಹೋದೆ. ಗ್ರೀಸಪ್ಪ ಯಾವುದೋ ವ್ಯಾನಿನ ಕೆಳಗಿನಿಂದ ಎದ್ದು ಬಂದ. ನನ್ನ ಮುಖ ನೋಡಿದವನೇ ಬಟ್ಟೆ ತೆಗೆದುಕೊಂಡು ಬೆರಳು ಒಂದೊಂದಾಗಿ ಒರೆಸತೊಡಗಿದ.

"ನಿಂಗೆ ಗೊತ್ತಿತ್ತಾ?" ಅಂದೆ.

"ಗೊತ್ತಾಗಿತ್ತಕ್ಕ. ಇಲ್ಲಿ ಸ್ವಿಚ್ ಹಾಕೋನು ನಾನು, ಅದಕ್ಕೆ ಇಲ್ಲಿ ಕುದಿಯಲ್ಲ. ಅಣ್ಣನ ಕೈಲಿ ಕುದಿಯುತ್ತೆ. ಹೇಳೋಣ ಅಂದ್ರೆ ಬಾಯಿ ಬರ್ಲಿಲ್ಲ. ನಂಗೆ ಡ್ರೈವಿಂಗ್ ಕಲಿಸಿದ್ದೇ ಅವರು."

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಅಂತ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕಟ್ಟುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಕೊನೆಗೆ ಅವನೇ ಒಂದು ಉಪಾಯ ಹೇಳಿದ. ಹೊಸ ಸೆನ್ಸರ್ ಹಾಕುವುದು, ಇವರಿಗೆ ಹೇಳದಿರುವುದು, ಹಳೇ ಸ್ವಿಚ್ಚನ್ನು ಸುಮ್ಮನೆ ಅಲ್ಲೇ ಬಿಡುವುದು. ಹಾಕಿದರೂ ಒಂದೇ, ಮರೆತರೂ ಒಂದೇ, ಕಾವು ಏರಿದರೆ ಫ್ಯಾನ್ ತಿರುಗುತ್ತದೆ. ನಾನು ಹೂಂ ಅಂದೆ. ಎಂಜಿನ್ ತಣ್ಣಗಿದ್ದ ಮಾತ್ರಕ್ಕೆ ಇವರ ತಲೆ ಸರಿಹೋಗುವುದಿಲ್ಲ ಅಂತ ನನಗೆ ತಿಳಿಯದೆ ಇರಲಿಲ್ಲ. ಗಾಡಿ ಕಿತ್ತುಕೊಂಡರೆ ಈ ಮನುಷ್ಯನಲ್ಲಿ ಏನು ಉಳಿಯುತ್ತದೆ ಅನ್ನುವುದು ಒಂದು ಕಡೆ, ಹಿಂದಿನ ಸೀಟಿನಲ್ಲಿ ಕೂರುವ ಆ ಟೀಚರಮ್ಮ ಇನ್ನೊಂದು ಕಡೆ. ಬಿಸಿತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಅಂದಿನಿಂದ ಏನಾದರೊಂದು ನೆಪ ಹೇಳಿ ದಿನಾ ಬೆಳಿಗ್ಗೆ ನಾನೂ ಗಾಡಿ ಹತ್ತತೊಡಗಿದೆ. ತರಕಾರಿ ಅಂದೆ, ಮಂಡಿನೋವಿನ ಎಣ್ಣೆ ಅಂದೆ. "ಮುದಿವಯಸ್ಸಲ್ಲಿ ಇವಳಿಗೆ ತಿರುಗೋ ಹುಚ್ಚು," ಅಂತ ಟೀಚರಮ್ಮನ ಹತ್ತಿರ ಚಾಡಿ ಹೇಳಿದರು.

ಗಾಡಿ ಕುದಿಯುವುದು ನಿಂತಿತು. ಇವರ ಮುಖದಲ್ಲಿ ಕಳೆ ಬಂತು. ಸ್ಟ್ಯಾಂಡಿನಲ್ಲಿ ಮತ್ತೆ ಕಾಲರ್ ಎತ್ತಿಕೊಂಡು ತಿರುಗಿದರು. ಯಾವ ಸಾಮಾನೂ ಕೆಟ್ಟಿರಲಿಲ್ಲ, ನೀರಿನ ದಾರಿಯಲ್ಲಿ ಗಾಳಿ ಸೇರಿಕೊಂಡಿತ್ತು, ಕ್ಯಾನಿನಿಂದ ತುಂಬಿ ತುಂಬಿ ನಾನೇ ಬಿಡಿಸಿದೆ ಅಂತ ಎಲ್ಲರಿಗೂ ಹೇಳಿಕೊಂಡು ಬಂದರು. ನಾನು ಪಕ್ಕದಲ್ಲೇ ನಿಂತು ಹೌದು ಹೌದು ಅಂದೆ.

ಅದೂ ಬಹಳ ದಿನ ನಡೆಯಲಿಲ್ಲ. ಒಂದು ಸಂಜೆ ಬಿಸಿಲಲ್ಲಿ ಸುತ್ತಿ ಬಂದು ಮನೆ ಮುಂದೆ ಗಾಡಿ ನಿಲ್ಲಿಸಿದರು. ನಾನು ಅಡಿಗೆಮನೆಯ ಕಿಟಕಿಯಿಂದ ನೋಡುತ್ತಿದ್ದೆ. ಕೀಲಿ ತೆಗೆದು ಇಳಿದು, ಬಾಗಿಲು ಹಾಕಿ, ಎರಡು ಹೆಜ್ಜೆ ಇಟ್ಟವರು ನಿಂತುಬಿಟ್ಟರು. ಒಳಗೆ ಫ್ಯಾನ್ ಇನ್ನೂ ತಿರುಗುತ್ತಿತ್ತು. ಹಳೇ ಸ್ವಿಚ್ಚಾದರೆ ಕೀಲಿ ತೆಗೆದ ಕೂಡಲೇ ಸತ್ತುಹೋಗುತ್ತಿತ್ತು. ಗ್ರೀಸಪ್ಪ ಹಾಕಿದ ಸೆನ್ಸರಿಗೆ ಕೀಲಿಯ ಹಂಗಿಲ್ಲ, ಎಂಜಿನ್ ತಣ್ಣಗಾಗುವವರೆಗೆ ಅದು ತಿರುಗಿಸುತ್ತಲೇ ಇರುತ್ತದೆ. ಇಷ್ಟು ದಿನ ಮನೆ ತಲುಪುವ ಹೊತ್ತಿಗೆ ಗಾಡಿ ಅಷ್ಟು ಕಾದಿರಲಿಲ್ಲ ಅಷ್ಟೆ.

ಬಾನೆಟ್ ಎತ್ತಿದರು. ಮರೆವಿನ ಮನುಷ್ಯ ಅಂತ ಆಗ ಯಾರೂ ಹೇಳುವ ಹಾಗಿರಲಿಲ್ಲ. ಫ್ಯಾನಿನಿಂದ ಹೊರಟ ವಯರನ್ನು ಬೆರಳಲ್ಲಿ ಹಿಡಿದು, ಒಂದು ಕಡೆಯೂ ತಪ್ಪದೆ, ಹೊಸ ಸೆನ್ಸರಿನವರೆಗೆ ಹೋದರು. ಒಳಗೆ ಕೂತು ಸ್ವಿಚ್ಚನ್ನು ಎತ್ತಿ ಒತ್ತಿ ನೋಡಿದರು. ಆಮೇಲೆ ಮೆಟ್ಟಿಲ ಮೇಲೆ ಕೂತರು. ಫ್ಯಾನ್ ನಿಂತ ಮೇಲೂ ಅಲ್ಲೇ ಕೂತಿದ್ದರು. ನಾನು ಚಹಾ ತೆಗೆದುಕೊಂಡು ಹೋಗಿ ಪಕ್ಕದಲ್ಲಿ ಕೂತೆ.

"ರೇಡಿಯೇಟರ್ ಸರಿ ಇತ್ತು," ಅಂದರು. "ಪಂಪ್ ಸರಿ ಇತ್ತು. ಫ್ಯಾನೂ ಸರಿ ಇತ್ತು."

ನಾನು ಚಹಾದ ಲೋಟ ಕೈಗಿಟ್ಟರೆ ಇವರು ಅದನ್ನು ಹಾಗೇ ಮೆಟ್ಟಿಲ ಮೇಲೆ ಇಟ್ಟರು.

"ಹಾಗಾದ್ರೆ ನಾನು ಸ್ವಿಚ್ ಹಾಕ್ತಾ ಇರ್ಲಿಲ್ಲ. ಹಾಕಿದ್ದೀನಿ ಅಂದ್ಕೊಂಡು ಕೂತಿರ್ತಿದ್ದೆ. ಅಲ್ವಾ?"

"ಹೂಂರೀ."

ಇವರ ಮುಖದ ರಕ್ತವೆಲ್ಲ ಇಳಿದುಹೋಯಿತು. ಇಷ್ಟು ವರ್ಷ ಬಾಳಿದ್ದೇನೆ, ಆ ಮುಖ ನಾನು ಕಂಡಿರಲಿಲ್ಲ. ಕೀಲಿಯನ್ನು ನನ್ನ ಅಂಗೈಯಲ್ಲಿಟ್ಟು ಬೆರಳು ಮಡಚಿದರು. "ಟೀಚರಮ್ಮಂಗೆ ಬೇರೆ ಗಾಡಿ ನೋಡ್ಕೊಳ್ಳೋಕೆ ಹೇಳ್ಬಿಡು. ಸ್ವಿಚ್ ಮರೆತೋನು ಬ್ರೇಕ್ ಮರೆಯಲ್ಲ ಅಂತ ಏನು ಗ್ಯಾರಂಟಿ?" ಅಂದರು. ನನಗೆ ಅಳು ಬಂತು, ಹೆಮ್ಮೆಯೂ ಆಯಿತು. ಯಾರೂ ಕಿತ್ತುಕೊಳ್ಳಬೇಕಾಗಲಿಲ್ಲ, ಗಂಡಸು ತಾನಾಗಿಯೇ ಇಳಿದ ಅಂದುಕೊಂಡೆ. ಕಷ್ಟದ್ದು ಮುಗಿಯಿತು ಅಂತಲೂ ಅಂದುಕೊಂಡೆ.

ಬೆಳಿಗ್ಗೆ ಎದ್ದರೆ ಇವರು ಗಡ್ಡ ಹೆರೆದು, ಇಸ್ತ್ರಿ ಅಂಗಿ ಹಾಕಿಕೊಂಡು ತಯಾರಾಗಿದ್ದರು. "ಕೀಲಿ ಎಲ್ಲಿಟ್ಟೆ ಕಣೇ? ಟೀಚರಮ್ಮ ಕಾಯ್ತಿರ್ತಾರೆ."

ಮನಸ್ಸು ಬದಲಾಯಿತೇನೋ ಅಂದುಕೊಂಡೆ. "ನಿನ್ನೆ ನೀವೇ ಕೊಟ್ರಲ್ರೀ," ಅಂತ ನಡೆದದ್ದನ್ನೆಲ್ಲ ಹೇಳಿದೆ. ನನ್ನ ಮಾತು ನಂಬಲಿಲ್ಲ. ಹೊರಗೆ ಹೋಗಿ ಬಾನೆಟ್ ಎತ್ತಿದರು. ವಯರು ಹಿಡಿದು ಹೋದರು. ಸ್ವಿಚ್ಚು ಎತ್ತಿ ಒತ್ತಿ ನೋಡಿದರು. ಮೆಟ್ಟಿಲ ಮೇಲೆ ಕೂತರು. ರೇಡಿಯೇಟರ್ ಸರಿ ಇತ್ತು ಅಂದರು, ಪಂಪ್ ಸರಿ ಇತ್ತು ಅಂದರು. ಕೊನೆಗೆ ಅದೇ ಪ್ರಶ್ನೆ, ಅದೇ ಮುಖ. ಅದರ ಮಾರನೆಯ ದಿನವೂ ಹಾಗೇ. ಮಗಳು ಬಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಈ ಮರೆವು ವಾಸಿಯಾಗುವ ಕಾಯಿಲೆಯಲ್ಲ, ನಿಧಾನ ಮಾಡಬಹುದು ಅಷ್ಟೆ ಅಂದರು ಅವರು.

ಸಾವಿನ ಸುದ್ದಿಯನ್ನಾದರೂ ಮನುಷ್ಯನಿಗೆ ಒಂದು ಸಲ ಹೇಳಿದರೆ ಮುಗಿಯುತ್ತದೆ. ಇದನ್ನು ದಿನಾ ಬೆಳಿಗ್ಗೆ ಹೇಳಬೇಕು, ಇವರು ದಿನಾ ಮೊದಲ ಸಲ ಕೇಳಬೇಕು. ಯಾವ ಪಾಪಕ್ಕೆ ಈ ಶಿಕ್ಷೆ ಅಂತ ನನಗೆ ಇವತ್ತಿಗೂ ಸಿಟ್ಟಿದೆ. ಗ್ರೀಸಪ್ಪನನ್ನು ಕರೆದು ಗಾಡಿ ತೆಗೆದುಕೊಂಡು ಹೋಗು ಅಂದೆ. ಇವರು ಮಧ್ಯಾಹ್ನ ಮಲಗಿದ್ದಾಗ ಅವನು ಬಂದು ಒಯ್ದ. ಹೋಗುವಾಗ ಕಣ್ಣೊರೆಸಿಕೊಂಡು ಮುಖಕ್ಕೆಲ್ಲ ಗ್ರೀಸು ಮಾಡಿಕೊಂಡ.

ಮಾರನೆಯ ಬೆಳಿಗ್ಗೆ ಇವರು ಇಸ್ತ್ರಿ ಅಂಗಿಯಲ್ಲಿ ಬಾಗಿಲಲ್ಲಿ ನಿಂತು, "ಗಾಡಿ ಎಲ್ಲಿ?" ಅಂದರು.

"ಗ್ಯಾರೇಜಲ್ಲಿದೆ. ಎಂಜಿನ್ ಸುಟ್ಟುಹೋಯ್ತು. ನಾನೇ ಮಾಡಿದ್ದು. ಮಾರ್ಕೆಟ್ಟಲ್ಲಿ ನೀವು ಇಳಿದು ಹೋಗಿದ್ರಿ, ಸ್ವಿಚ್ ಹಾಕಿರು ಅಂತ ಹೇಳಿದ್ರಿ. ನಂಗೆ ಮರೆತುಹೋಯ್ತು."

ಇವರಿಗೆ ಕೋಪ ಬಂತು. ಒಂದು ಸ್ವಿಚ್ ಎತ್ತೋಕಾಗಲ್ವಾ ನಿಂಗೆ, ಬಾಯಿ ಮಾತ್ರ ಊರುದ್ದ ಅಂತ ಬೈದರು. ನಾನು ತಲೆ ತಗ್ಗಿಸಿ ನಿಂತೆ. ಈಗ ದಿನಾ ಇದೇ ನಡೆಯುತ್ತದೆ. ಕೇಳುತ್ತಾರೆ, ನಾನು ಹೇಳುತ್ತೇನೆ, ಬೈಸಿಕೊಳ್ಳುತ್ತೇನೆ. ಬೈದು ಬೈದು ಸಾಕಾದ ಮೇಲೆ ನನ್ನ ಮುಖ ನೋಡುತ್ತಾರೆ. ಏನು ಕಾಣುತ್ತದೋ, ಹತ್ತಿರ ಬಂದು ಬೆನ್ನ ಮೇಲೆ ಕೈ ಇಡುತ್ತಾರೆ.

"ಹೋಗ್ಲಿ ಬಿಡು, ಅಳ್ಬೇಡ," ಅನ್ನುತ್ತಾರೆ. "ವಯಸ್ಸಾಯ್ತಲ್ಲ ನಿಂಗೂ. ನಾನಿದ್ದೀನಿ, ನಿಂಗೆ ಮರೆತದ್ದನ್ನ ನಾನು ನೆನಪಿಟ್ಕೊಳ್ತೀನಿ."

ನಾನು ಆಗಲಿ ರೀ ಅನ್ನುತ್ತೇನೆ.